ನೈಟಿಂಗೇಲಳ ಏಕಾಂತ

ಲಿಟ್ಟನ್ ಸ್ಟ್ರೇಚಿಯು 1918ರಲ್ಲಿ ಪ್ರಕಟಿಸಿದ 'ಎಮಿನೆಂಟ್ ವಿಕ್ಟೋರಿಯನ್ಸ್' ಎಂಬ ಗ್ರಂಥದಲ್ಲಿ ನಾಲ್ವರ ಚರಿತ್ರೆಗಳಿವೆ. ಅವುಗಳಲ್ಲಿ ಫ್ಲಾರೆನ್ಸ್ ನೈಟಿಂಗೇಲಳನ್ನು ಕುರಿತ ಪ್ರಬಂಧವು ಅತ್ಯಂತ ರಸವತ್ತಾದುದೆಂಬುದರಲ್ಲಿ ಸಂದೇಹವಿಲ್ಲ. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ಸ್ಕುಟಾರಿಯ ಸೇನಾಸ್ಪತ್ರೆಗೆ ಹೋಗಿ, ಕೈಯಲ್ಲಿ ದೀಪವನ್ನು ಹಿಡಿದು ಗಾಯಾಳುಗಳ ನಡುವೆ ಸಂಚರಿಸಿದ ಕರುಣಾಮೂರ್ತಿಯೆಂದೇ ಲೋಕವು ಆಕೆಯನ್ನು ಬಲ್ಲದು. ಸ್ಟ್ರೇಚಿಯು ಆ ದೀಪವನ್ನು ಮೆಲ್ಲನೆ ಬದಿಗಿಟ್ಟು, ಅದರ ಹಿಂದಿದ್ದ ಕಠಿನಸಂಕಲ್ಪದ, ದಣಿವರಿಯದ, ಪರರನ್ನೂ ದಣಿಯಗೊಡದ ಹೆಂಗಸನ್ನು ತೋರಿಸಿಕೊಟ್ಟನು. ಇದಕ್ಕಾಗಿ ನಾವು ಅವನಿಗೆ ಕೃತಜ್ಞರಾಗಿರಬೇಕು.

ಆದರೆ ಪ್ರಬಂಧದ ಉತ್ತರಾರ್ಧದಲ್ಲಿ ಅವನ ದೃಷ್ಟಿ ಸರಿಯಾಗಿ ನಾಟಿಲ್ಲವೆಂದು ನಮ್ಮ ಅಭಿಪ್ರಾಯ. ಯುದ್ಧರಂಗದಿಂದ 1856ರಲ್ಲಿ ಹಿಂದಿರುಗಿದ ನೈಟಿಂಗೇಲಳು ಸೈನ್ಯದ ಆರೋಗ್ಯವಿಚಾರಣೆಗಾಗಿ ಹಗಲಿರುಳೂ ದುಡಿದು 1857ರ ಆಗಸ್ಟಿನಲ್ಲಿ ಕುಸಿದುಬಿದ್ದಳು. ಅಲ್ಲಿಂದ ಮುಂದೆ ಬಹುಕಾಲ ಮಂಚವೇ ಆಕೆಯ ಕಾರ್ಯಾಲಯವಾಯಿತು. ಮಂತ್ರಿಗಳೂ ಅಧಿಕಾರಿಗಳೂ ಸಮಯವನ್ನು ಗೊತ್ತುಮಾಡಿಕೊಂಡು ಅಲ್ಲಿಗೆ ಬರುತ್ತಿದ್ದರು. ಬೇಡವೆನಿಸಿದವರಿಗೆ ಬಾಗಿಲು ಮುಚ್ಚಿರುತ್ತಿತ್ತು. ಈ ರೋಗವು ಆಕೆಗೆ ಅನುಕೂಲವಾಗಿಯೇ ಇದ್ದಿತೆಂದು ಸ್ಟ್ರೇಚಿ ನಯವಾಗಿ ಚುಚ್ಚುತ್ತಾನೆ. ವಾಚಕನು ನಗುತ್ತಾನೆ, ನಕ್ಕಮೇಲೆ ವಿಚಾರಿಸಲು ಹೋಗುವುದಿಲ್ಲ. ಆಕೆ 1855ರಲ್ಲಿ ಕ್ರಿಮಿಯಾದಲ್ಲಿ ಭಯಂಕರ ಜ್ವರಕ್ಕೆ ತುತ್ತಾಗಿದ್ದಳು. ಅದು ಬ್ರೂಸೆಲ್ಲಾ ಎಂಬ ರೋಗಾಣುವಿನಿಂದ ಬಂದುದೆಂದೂ, ವರ್ಷಗಟ್ಟಲೆ ಬಿಡದ ಬೆನ್ನುನೋವು, ಆಯಾಸ, ಮನೋವ್ಯಥೆಗಳು ಅದರ ಫಲವೆಂದೂ 1995ರಲ್ಲಿ ಒಬ್ಬ ವಿದ್ವಾಂಸರು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ವಾದಿಸಿದ್ದಾರೆ. ಸ್ಟ್ರೇಚಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲವಾದುದರಿಂದ ಆ ದೋಷವನ್ನು ಅವನ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಆಕ್ಷೇಪವು ಬೇರೆ. ಮಹತ್ವಾಕಾಂಕ್ಷೆಯುಳ್ಳ ಹೆಂಗಸು ಮಲಗಿದ್ದಾಳೆಂದರೆ ಅದು ಉಪಾಯವೇ ಆಗಿರಬೇಕೆಂದು ಅವನು ತಿಳಿದಂತಿದೆ. ಆಕೆಗೆ ವಿಶ್ರಾಂತಿಯೂ ಏಕಾಂತವೂ ಏತಕ್ಕೆ ಬೇಕಾಗಿದ್ದುವೆಂಬ ಪ್ರಶ್ನೆ ಅವನಿಗೆ ಹೊಳೆಯಲೇ ಇಲ್ಲ.

ಇದಕ್ಕೆ ಉತ್ತರವು ಆಕೆಯ 'ಕಸಾಂಡ್ರ' ಎಂಬ ಬರಹದಲ್ಲಿದೆ. ಇದನ್ನು ಆಕೆ 1852ರಲ್ಲಿ, ಎಂದರೆ ಯುದ್ಧಕ್ಕೂ ರೋಗಕ್ಕೂ ಕೀರ್ತಿಗೂ ಮುಂಚೆ, ತನ್ನ 32ನೆಯ ವಯಸ್ಸಿನಲ್ಲಿ ಬರೆದಳು. 1860ರಲ್ಲಿ ಕೆಲವೇ ಆಪ್ತರಿಗಾಗಿ ಅಚ್ಚುಹಾಕಿಸಿದಳು. ಸಾರ್ವಜನಿಕರ ಕೈಗೆ ಅದು ಬಂದುದು 1928ರಲ್ಲಿ, ರೇ ಸ್ಟ್ರೇಚಿ ಎಂಬ ಮಹಿಳೆಯ ಗ್ರಂಥಕ್ಕೆ ಅನುಬಂಧವಾಗಿ. (ಈಕೆ ಲಿಟ್ಟನ್ ಸ್ಟ್ರೇಚಿಯ ಅಣ್ಣನ ಹೆಂಡತಿ! ಮೈದುನನು ಬಿಟ್ಟುದನ್ನು ಅತ್ತಿಗೆ ತುಂಬಿಕೊಟ್ಟಳೆನ್ನಬಹುದು.) ಕಸಾಂಡ್ರೆಯು ಟ್ರಾಯ್ ನಗರದ ರಾಜಪುತ್ರಿ, ಭವಿಷ್ಯವನ್ನು ಬಲ್ಲವಳು, ಆದರೆ ಆಕೆಯ ಮಾತನ್ನು ಯಾರೂ ನಂಬಬಾರದೆಂಬ ಶಾಪಕ್ಕೊಳಗಾದವಳು. ಈ ಹೆಸರನ್ನಿಟ್ಟುಕೊಂಡು ನೈಟಿಂಗೇಲಳು ದೂರುವುದು ದಾರಿದ್ರ್ಯವನ್ನಲ್ಲ, ಕ್ರೌರ್ಯವನ್ನೂ ಅಲ್ಲ. ಸುಖವಾಗಿ ಉಂಡುಟ್ಟಿರುವ ಮನೆಗಳ ಹೆಣ್ಣುಮಕ್ಕಳಿಗೆ ತಮ್ಮದೆಂಬ ಒಂದು ಗಳಿಗೆಯೂ ಇಲ್ಲವೆಂಬುದೇ ಆಕೆಯ ದೂರು. ಗಂಡಸು ಮೇಜಿನ ಮುಂದೆ ಕುಳಿತರೆ ಮನೆಯೆಲ್ಲ ಪಿಸುಮಾತಾಗುತ್ತದೆ. ಹೆಂಗಸು ಕುಳಿತರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಎಬ್ಬಿಸಬಹುದು. ಅಲ್ಲಿ ಒಂದು ಸಂಗತಿಯನ್ನು ಆಕೆ ಹೇಳಿಕೊಂಡುಹೋಗುವಾಗ ಯಾವ ಉದ್ವೇಗವನ್ನೂ ತೋರಿಸುವುದಿಲ್ಲ: ಒಬ್ಬ ಗೃಹಿಣಿಯು, ಸ್ವಲ್ಪ ಬಿಡುವು ದೊರೆಯುವಂತೆ ತನ್ನ ಕೈಯೋ ಕಾಲೋ ಮುರಿಯಬಾರದೇ ಎಂದು ಹಾರೈಸಿದಳಂತೆ.

ಈ ಒಂದು ವಾಕ್ಯವನ್ನು ಓದಿದ ಬಳಿಕ 1857ರ ಮಂಚವು ನಮಗೆ ಬೇರೆಯಾಗಿಯೇ ಕಾಣುತ್ತದೆ. ಆರೋಗ್ಯವಂತಳಾದ ಹೆಂಗಸು ಬಾಗಿಲು ಮುಚ್ಚಿಕೊಂಡರೆ ಅಹಂಕಾರ, ರೋಗಿಯು ಮುಚ್ಚಿಕೊಂಡರೆ ಸಹಜ. ಅಂದಿನ ಸಮಾಜದ ರೀತಿಯಿದು. ಆಕೆ ಅದನ್ನು ಐದು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದಳು. ವೈದ್ಯರು ಪೂರ್ಣ ವಿಶ್ರಾಂತಿಯನ್ನು ವಿಧಿಸಿದಾಗ ಆಕೆ ಒಪ್ಪಲಿಲ್ಲ. ಬಂಧುಗಳು ಅತಿಥಿಗಳ ನಡುವೆ ಬಂದು ಕುಳಿತುಕೊಳ್ಳೆಂದಾಗಲೂ ಒಪ್ಪಲಿಲ್ಲ. ಒಂದನ್ನು ಹಟವೆಂದೂ ಇನ್ನೊಂದನ್ನು ನಾಟಕವೆಂದೂ ಕರೆಯುವವರು ಇವೆರಡಕ್ಕೂ ಮೂಲವಾದ ಆತ್ಮಪ್ರತ್ಯಯವನ್ನು ಗಮನಿಸಿಲ್ಲ. ತನ್ನ ದೇಹದಲ್ಲಿ ಎಷ್ಟು ಶಕ್ತಿಯಿದೆ, ಅದನ್ನು ಯಾವುದಕ್ಕೆ ವ್ಯಯಮಾಡಬೇಕು ಎಂಬುದನ್ನು ತಾನೇ ನಿರ್ಣಯಿಸಬಲ್ಲೆನೆಂದು ಆಕೆ ನಂಬಿದ್ದಳು, ಅಷ್ಟೆ.

ಈ ನಂಬಿಕೆಯು ಬರಿಯ ಮನೋಧರ್ಮವಾಗಿರದೆ ಒಂದು ಶಾಸ್ತ್ರವಾಗಿಯೂ ಬೆಳೆದುದನ್ನು ನೋಡಬೇಕಾದರೆ 'ನೋಟ್ಸ್ ಆನ್ ನರ್ಸಿಂಗ್' ಎಂಬ ಸಣ್ಣ ಪುಸ್ತಕವನ್ನು ಓದಬೇಕು. 1859ರ ಈ ಗ್ರಂಥವನ್ನು ಆಕೆ ದಾದಿಯರಿಗಿಂತ ಹೆಚ್ಚಾಗಿ ಮನೆಮಂದಿಗಾಗಿ ಬರೆದಳು. ಗಾಳಿ, ಬೆಳಕು, ಗದ್ದಲ, ಹಾಸಿಗೆ ಇವುಗಳ ವಿಚಾರವು ಪ್ರಸಿದ್ಧವಾಗಿದೆ. ನಮಗೆ ಪ್ರಿಯವಾದುದು ಸಣ್ಣಪುಟ್ಟ ವ್ಯವಸ್ಥೆಗಳನ್ನು ಕುರಿತ ಮೂರನೆಯ ಅಧ್ಯಾಯ. ನೀನಿರುವಾಗ ನಡೆಯುವುದು ನೀನಿಲ್ಲದಾಗಲೂ ನಡೆಯುವಂತೆ ಮಾಡಲಾರೆಯಾದರೆ ನಿನ್ನ ಶುಶ್ರೂಷೆಯೆಲ್ಲ ವ್ಯರ್ಥವೆಂಬುದು ಅದರ ತಾತ್ಪರ್ಯ. ಯಜಮಾನಿಕೆಯೆಂದರೆ ಎಲ್ಲವನ್ನೂ ತಾನೇ ಮಾಡುವುದಲ್ಲ, ಸರಿಯಾದುದು ಸದಾ ನಡೆಯುವಂತೆ ಏರ್ಪಡಿಸುವುದು. ತನ್ನ ಉಗ್ರಾಣವೂ ಲೆಕ್ಕದ ಪುಸ್ತಕವೂ ತನ್ನ ಹೊರತು ಯಾರಿಗೂ ತಿಳಿಯದೆಂದು ಹೆಮ್ಮೆಪಡುವವರುಂಟು (ನಮ್ಮಲ್ಲಿ ಬೀಗದ ಕೈಗೊಂಚಲನ್ನು ಸೊಂಟದಿಂದ ಕೆಳಗಿಳಿಸದ ಹಿರಿಯರು ವಾಚಕರಿಗೆ ನೆನಪಾಗಬಹುದು). ನೈಟಿಂಗೇಲಳಿಗೆ ಇದು ಹೆಮ್ಮೆಯ ವಿಷಯವಲ್ಲ. ಯಾರು ಬಂದು ನೋಡಿದರೂ ತಿಳಿಯುವಂತೆ ಇಟ್ಟಿರುವುದೇ ಹೆಮ್ಮೆ. ತಾನು ಮಲಗಿದರೂ ತನ್ನ ಕೊರತೆ ಯಾರಿಗೂ ಕಾಣಿಸಬಾರದು.

ಇದನ್ನು ಮಂಚದ ಮೇಲೆ ಮಲಗಿದ್ದವಳು ಬರೆದಳೆಂಬುದನ್ನು ಮರೆಯಬಾರದು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಪಾಠಶಾಲೆ ಆರಂಭವಾದಾಗ ಅದರ ಆಡಳಿತವನ್ನು ಹೊತ್ತವಳು ಶ್ರೀಮತಿ ವಾರ್ಡ್‌ರೋಪರ್. ಶಾಲೆಯು ನಿಂತಿತು, ಬೆಳೆಯಿತು. ಹಿಂದೂಸ್ಥಾನದ ದಂಡುಪ್ರದೇಶಗಳ ಆರೋಗ್ಯಸ್ಥಿತಿಯನ್ನು ಕುರಿತು ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಶೋಧಿಸಿ ಆಕೆ ಬರೆದ ಅಭಿಪ್ರಾಯಗಳು 1863ರ ವರದಿಯೊಡನೆ ಹೊರಬಂದುವು. ಈ ದೇಶಕ್ಕೆ ಆಕೆ ಒಮ್ಮೆಯೂ ಬರಲಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾವೂ ದೀಪದ ಕಥೆಯನ್ನೇ ಇನ್ನೊಂದು ಬಗೆಯಲ್ಲಿ ಹೇಳಿದಂತಾದೀತು. ತನ್ನ ವಿಶ್ರಾಂತಿಯನ್ನು ತಾನೇ ಅಳೆದುಕೊಂಡವಳು ಪರರಿಗೆ ಆ ಅಧಿಕಾರವನ್ನು ಕೊಡಲಿಲ್ಲ. ತನ್ನ ಸಂಸಾರವನ್ನು ಬಿಟ್ಟುಬಂದು ಶುಶ್ರೂಷೆ ಮಾಡುತ್ತಿದ್ದ ಸೋದರತ್ತೆ ಮೇ ಸ್ಮಿತ್ 1860ರಲ್ಲಿ ಮನೆಗೆ ಹಿಂದಿರುಗಿದುದನ್ನು ದ್ರೋಹವೆಂದೆಣಿಸಿ ಬಹುಕಾಲ ಕ್ಷಮಿಸಲಿಲ್ಲ. ಆಕೆಯ ಪರಮಮಿತ್ರನೂ ಯುದ್ಧಶಾಖೆಯ ಮಂತ್ರಿಯೂ ಆಗಿದ್ದ ಸಿಡ್ನಿ ಹರ್ಬರ್ಟನು ಮೂತ್ರಪಿಂಡದ ರೋಗದಿಂದ ಕ್ಷೀಣಿಸುತ್ತಿದ್ದನು. 1861ರ ಜೂನಿನಲ್ಲಿ ಅವನು ಇನ್ನು ತನ್ನಿಂದಾಗದೆಂದಾಗ, ಗೆಲ್ಲಬಹುದಾಗಿದ್ದ ಆಟವನ್ನು ಕೈಚೆಲ್ಲಿದೆಯೆಂದು ಆಕೆ ಬಿರುನುಡಿಗಳನ್ನಾಡಿದಳು. ತನ್ನ ದೇಹದ ಮಾತನ್ನು ವೈದ್ಯರಿಗಿಂತ ಚೆನ್ನಾಗಿ ಬಲ್ಲೆನೆಂದವಳು ಅವನ ದೇಹದ ಮಾತನ್ನು ಅವನೇ ಹೇಳಿದರೂ ನಂಬಲಿಲ್ಲ. ಕಸಾಂಡ್ರೆಯ ಶಾಪವು ಈ ಸಲ ಅವನ ಪಾಲಿಗೆ ಬಂದಿತು. ಆಗಸ್ಟ್ 2ರಂದು ಹರ್ಬರ್ಟನು ತೀರಿಕೊಂಡನು. ಅವನಿಗೆ 50 ವರ್ಷ.

ಸ್ಟ್ರೇಚಿಯು ಈ ಪ್ರಸಂಗವನ್ನು ವರ್ಣಿಸುವಲ್ಲಿ ಅವನ ಲೇಖನಿಯ ಹರಿತವು ಅನುಚಿತವೆನಿಸುವುದಿಲ್ಲ. ಆಮೇಲೆ ಆಕೆ ಹರ್ಬರ್ಟನ ಸೇನಾಸುಧಾರಣೆಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದಳು. 1862ರಲ್ಲಿ ಅಚ್ಚಾದ ಅದು ಮಿತ್ರನ ಕಾರ್ಯಕ್ಕೆ ಸಲ್ಲಿಸಿದ ಗೌರವ. ಆ ಜೂನ್ ತಿಂಗಳ ಸುದ್ದಿಗೆ ಅಲ್ಲಿ ಎಡೆಯಿರಲಿಲ್ಲ.