ಹೆಸರು ಬದಲಾದರೆ ನಕ್ಷೆಯೂ ಬದಲು

ನಮ್ಮ ದವನ ಚೈತ್ರದ ಬಿಸಿಲಲ್ಲಿ ಘಮಗುಡುವ ಗಿಡ. ಅದರದೇ ಕುಲದ ಆರ್ಟೆಮಿಸಿಯ ನಾರ್ವೇಜಿಕ ಮಾತ್ರ ಶೀತಗಾಳಿ ಹೊಡೆಯುವ ಬೋಳು ಬೆಟ್ಟದ ಜಲ್ಲಿಯಲ್ಲಿ ಬದುಕುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಎಲಿಯಾಸ್ ಫ್ರೀಸ್ 1817ರಲ್ಲಿ ಅದಕ್ಕೆ ಆ ಹೆಸರಿಟ್ಟ. ನಾರ್ವೆಯ ಬೆಟ್ಟಗಳಲ್ಲೂ ರಷ್ಯದ ಉರಲ್ ಸಾಲಿನಲ್ಲೂ ಅದು ಸಿಗುತ್ತದೆ. ಸ್ಕಾಟ್ಲೆಂಡಿನ ಕುಲ್ ಮೋರ್ ಶಿಖರದಲ್ಲಿ ಕಣ್ಣಿಗೆ ಬಿದ್ದದ್ದು 1950ರಲ್ಲಿ! ಸಸ್ಯಗಳನ್ನು ಇಂಚಿಂಚೂ ಜಾಲಾಡಿದ ನಾಡಿನಲ್ಲಿ ಇಷ್ಟು ತಡವೇ ಎನ್ನುವವರು ಗಿಡವನ್ನು ನೋಡಬೇಕು: ಬೆರಳುದ್ದವೂ ಇಲ್ಲ, ಬುಡದಲ್ಲಿ ನವಿರುಗೂದಲಿನ ಸೀಳೆಲೆಗಳು, ತುದಿಯಲ್ಲಿ ಹೆಚ್ಚಾಗಿ ಒಂದೇ ಒಂದು ಹಳದಿ ಹೂತಲೆ, ಅದೂ ಬಾಗಿಕೊಂಡು. ಸಸ್ಯವಿಜ್ಞಾನಿ ಎರಿಕ್ ಹುಲ್ಟೆನ್ 1954ರಲ್ಲಿ ಇದನ್ನು 'ಸ್ಕಾಟಿಕ' ಎಂಬ ಬಗೆಯಾಗಿ ಗುರುತಿಸಿದ.

ಹೆಸರಿನ ತಕರಾರು ಇರುವುದು ಪೆಸಿಫಿಕ್ ಕಡೆಯಲ್ಲಿ. ಪೂರ್ವ ಸೈಬೀರಿಯ, ಅಲಾಸ್ಕ, ರಾಕಿ ಪರ್ವತಗಳಲ್ಲಿ ಬೆಳೆಯುವ, ಹಲವು ಹೂತಲೆಗಳನ್ನು ಹೊತ್ತ ಎತ್ತರದ ಗಿಡವನ್ನು ಸಸ್ಯವಿಜ್ಞಾನಿ ಲೆಸಿಂಗ್ 1831ರಲ್ಲಿ ಆರ್ಟೆಮಿಸಿಯ ಆರ್ಕ್ಟಿಕ ಎಂದು ಕರೆದ. ಉತ್ತರ ಅಮೆರಿಕದ ಸಸ್ಯಕೋಶ 2006ರಲ್ಲಿ ಅದನ್ನು ನಾರ್ವೇಜಿಕದ ಉಪಪ್ರಭೇದವೆಂದು ಸೇರಿಸಿಕೊಂಡಿತು. ಸೇರಿಸಿದ್ದೇ ತಡ, ಯುರೋಪಿನ ಎರಡು ಮೂರು ಬೆಟ್ಟಸೀಮೆಗಳ ಅಪರೂಪದ ಗಿಡ ಮೂರು ಖಂಡಗಳ ಸಾಮಾನ್ಯ ಗಿಡವಾಯಿತು. ಮಣ್ಣಲ್ಲಿ ಒಂದು ಬೇರೂ ಅಲ್ಲಾಡಲಿಲ್ಲ. ಹಾಗಾಗಿ ಹರವನ್ನು ತೋರಿಸಿ ಪ್ರಭೇದವನ್ನು ಸಾಧಿಸುವ ವಾದ ನನಗೆ ಒಪ್ಪಿಗೆಯಲ್ಲ. ಹೆಸರಿಟ್ಟ ಮೇಲೆ ತಾನೇ ಹರವು ಹುಟ್ಟುವುದು?

ಎರಡು ಗಿಡಗಳ ನೆಲೆಗಳ ನಡುವೆ ಸೈಬೀರಿಯದಷ್ಟು ಅಂತರವಿದೆಯಲ್ಲ ಎಂದು ಬೇರ್ಪಡಿಸುವವರು ಹೇಳಬಹುದು. ಆ ಲೆಕ್ಕಕ್ಕೆ ನಾರ್ವೆ, ಸ್ಕಾಟ್ಲೆಂಡುಗಳ ನಡುವೆ ಸಮುದ್ರವೇ ಇದೆ. ಈ ಕುಲದ ಕಾಳುಗಳಿಗೆ ಗಾಳಿಯಲ್ಲಿ ತೇಲಿಸುವ ರೋಮದ ಕುಚ್ಚಿಲ್ಲ, ನಿಜ. ಆದರೆ ಹಿಮಯುಗದ ಕೊನೆಯ ಪದರಗಳಲ್ಲಿ ಬ್ರಿಟನ್ನಿನುದ್ದಕ್ಕೂ ಆರ್ಟೆಮಿಸಿಯದ ಪರಾಗ ಧಾರಾಳವಾಗಿ ಸಿಗುತ್ತದೆ. ಇಂದಿನ ಚೂರುಪಾರು ನೆಲೆಗಳು ಅಂದಿನ ದೊಡ್ಡ ಹರವಿನ ಪಳೆಯುಳಿಕೆ ಆಗಿರಬಹುದು. ಒಂದುಗೂಡಿಸುವವರ ವಾದವೂ ಹಗುರದ್ದಲ್ಲ: ಎತ್ತರ, ಹೂತಲೆಗಳ ಎಣಿಕೆ ಎರಡೂ ಗಾಳಿಗೆ, ಚಳಿಗೆ ಮಣಿಯುವ ಗುಣಗಳು, ಸ್ಕಾಟ್ಲೆಂಡಿನ ಕುಳ್ಳ ಗಿಡವೇ ಸಾಕ್ಷಿ.

ಆದರೂ ನಾನು ಬೇರೆ ಹೆಸರುಗಳ ಪರ. ಬೇರೆಬೇರೆ ಬರೆದಿಟ್ಟ ದಾಖಲೆಗಳನ್ನು ನಾಳೆ ಒಂದು ಮಾಡುವುದು ಸುಲಭ. ಬೆರೆಸಿಟ್ಟದ್ದನ್ನು ಬಿಡಿಸಲು ಒಂದೊಂದೇ ಒಣಗಿಡದ ಹಾಳೆಯನ್ನು ಮತ್ತೆ ತೆರೆಯಬೇಕು. ಉಪಪ್ರಭೇದದ ಹೆಸರಿದೆಯಲ್ಲ ಎನ್ನುವಿರಾದರೆ, ಪಟ್ಟಿ ಬರೆಯುವವರ ಕೈಯಲ್ಲಿ ಮೊದಲು ಉದುರಿಹೋಗುವುದು ಆ ಮೂರನೆಯ ಪದವೇ.