ಎಪ್ಪತ್ತೈದು ಗಜದ ಬೇಟೆ

ಥ್ಯಾಂಕ್ಸ್‌ಗಿವಿಂಗ್ ಕಳೆದ ಮೊದಲ ಸೋಮವಾರ ಓಹಾಯೋ ರಾಜ್ಯದಲ್ಲಿ ಜಿಂಕೆಯ ಕೋವಿ ಬೇಟೆ ಶುರು. ಅದಕ್ಕಿನ್ನು ಹೆಚ್ಚು ದಿನವಿಲ್ಲ. ಬಂದೂಕಿನಂಗಡಿಗಳಲ್ಲಿ ಜನ ಐದೈದು ತೋಟಾಗಳ ಪೆಟ್ಟಿಗೆಗಳನ್ನು ತಿರುವಿ ತಿರುವಿ ನೋಡುತ್ತಿದ್ದಾರೆ. ಅಪ್ಪನಿಂದ ಬಂದ ಹಳೆಯ ರೆಮಿಂಗ್ಟನ್ 870 ಇಟ್ಟುಕೊಂಡವರು, ಬೆಲೆ ಹೆಚ್ಚಿದ್ದರೆ ಗುರಿಯೂ ಹೆಚ್ಚು ಎಂದು ನಂಬಿ ಸೇಬೋ ಸ್ಲಗ್ ಕೊಂಡುಹೋಗುತ್ತಾರೆ. ಆ ದುಡ್ಡು ದಂಡ. ಯಾಕೆಂದು ಹೇಳುತ್ತೇನೆ.

ಕೊಡಗು, ಮಲೆನಾಡಿನ ಓದುಗರಿಗೆ 12 ಬೋರಿನ ತೋಟಾ ಕೋವಿ ಹೊಸದೇನಲ್ಲ. ಹಕ್ಕಿಗೆ ಚರೆ, ದೊಡ್ಡ ಪ್ರಾಣಿಗೆ ಎಲ್‌ಜಿ ಎನ್ನುವುದು ಅಲ್ಲಿನ ಹಳೆಯ ಲೆಕ್ಕ. ಓಹಾಯೋದಲ್ಲಿ ಜಿಂಕೆಗೆ ಇವೆರಡೂ ನಿಷಿದ್ಧ. ತೋಟಾಗೆ ಒಂದೇ ಗುಂಡು ಇರಬೇಕು, ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದು. ಆ ಒಂಟಿ ಗುಂಡೇ ಸ್ಲಗ್. 12 ಬೋರಿಗೆ ಸಾಮಾನ್ಯವಾಗಿ ಒಂದು ಔನ್ಸ್, ಅಂದರೆ 28 ಗ್ರಾಂ ಸೀಸ. ನಳಿಗೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 1,600 ಅಡಿ.

ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕ 1898ರಲ್ಲೇ ಇಂಥದೊಂದು ಗುಂಡು ಮಾಡಿದ್ದ. ಅಮೆರಿಕದ ಕಾರ್ಲ್ ಫಾಸ್ಟರ್ 1931ರಲ್ಲಿ ತನ್ನದನ್ನು ರೂಪಿಸಿದ. ಅಗ್ಗವಾಗಿ ಸಿಗುವ, ಇಂದಿಗೂ ಹೆಚ್ಚು ಮಾರಾಟವಾಗುವ ಸ್ಲಗ್ಗುಗಳೆಲ್ಲ ಫಾಸ್ಟರ್ ವಂಶದವು. ಹಿಂಬದಿ ಟೊಳ್ಳು, ಭಾರವೆಲ್ಲ ಮುಂದೆ. ಹಾಗಾಗಿ ನುಣುಪು ನಳಿಗೆಯಿಂದ ಹೊರಟರೂ ಷಟಲ್‌ಕಾಕ್ ಹಾರಿದಂತೆ ಮೂತಿ ಮುಂದು ಮಾಡಿಕೊಂಡೇ ಹಾರುತ್ತದೆ. ಮೈಮೇಲಿನ ಓರೆ ಗೀರುಗಳು ಗುಂಡನ್ನು ಗಿರಗಿರ ತಿರುಗಿಸುತ್ತವೆ ಎಂದು ಅಂಗಡಿಯವರೂ ಹೇಳುವುದುಂಟು. ಅದು ಹೆಸರಿಗಷ್ಟೇ. ನಳಿಗೆಯ ತುದಿಯಲ್ಲಿ ಚೋಕ್ ಕಿರಿದಾಗುವ ಜಾಗದಲ್ಲಿ ಸೀಸ ಸುಲಭವಾಗಿ ಅಮುಕಿಕೊಂಡು ಹೊರಬರಲಿ ಎಂಬುದೇ ಅವುಗಳ ನಿಜವಾದ ಉಪಯೋಗ.

ಸೇಬೋದ ಜಾತಿಯೇ ಬೇರೆ. ನಳಿಗೆಗಿಂತ ಸಣ್ಣ ಗುಂಡಿಗೆ ಪ್ಲಾಸ್ಟಿಕ್ ಕವಚ ತೊಡಿಸಿರುತ್ತಾರೆ. ರೈಫ್ಲಿಂಗ್, ಅಂದರೆ ಒಳಮೈಯಲ್ಲಿ ಸುರುಳಿ ಗೀರು, ಇರುವ ನಳಿಗೆ ಕವಚವನ್ನು ಹಿಡಿದು ತಿರುಗಿಸಿದರೆ ಮಾತ್ರ ಗುಂಡು ನೆಟ್ಟಗೆ ಹೋಗುತ್ತದೆ. ನುಣುಪು ನಳಿಗೆಯಲ್ಲಿ ಹಾಕಿದರೆ ಗಾಳಿಯಲ್ಲಿ ಪಲ್ಟಿ ಹೊಡೆದು, ಐವತ್ತು ಗಜದಾಚೆ ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ಅಪ್ಪನ ನುಣುಪು ನಳಿಗೆಯ 870ಕ್ಕೆ ಅಗ್ಗದ ಫಾಸ್ಟರ್ ಸಾಕು, ಅದೇ ಸರಿ. ರೈಫ್ಲಿಂಗ್ ನಳಿಗೆ ಇದ್ದವರು ಸೇಬೋಗೆ ದುಡ್ಡು ಸುರಿಯಲಿ, 150 ಗಜದವರೆಗೆ ಅದು ನಂಬಿಕೆಗೆ ಅರ್ಹ.

ಫಾಸ್ಟರ್ ಸ್ಲಗ್ಗಿಗೆ ನಾನು ಹಾಕಿಕೊಂಡಿರುವ ಗಡಿ 75 ಗಜ. ಐವತ್ತಕ್ಕೆ ಗುರಿ ಹೊಂದಿಸಿದರೆ ನೂರು ಗಜದಲ್ಲಿ ಐದಾರು ಅಂಗುಲ ಕೆಳಗಿಳಿದಿರುತ್ತದೆ, ಅಡ್ಡಗಾಳಿ ಇದ್ದರೆ ಪಕ್ಕಕ್ಕೂ ಸರಿದಿರುತ್ತದೆ. ಈ ಗಡಿಯನ್ನು ಕೊರತೆ ಎನ್ನುವವರೇ ಹೆಚ್ಚು. ನನ್ನ ಮಟ್ಟಿಗೆ ಸ್ಲಗ್ ಬೇಟೆಯ ರುಚಿ ಇರುವುದೇ ಅದರಲ್ಲಿ. ಮುನ್ನೂರು ಗಜದಿಂದ ದುರ್ಬೀನು ಹಚ್ಚಿ ಹೊಡೆಯುವವನು ಜಿಂಕೆಯ ದಾರಿ ತಿಳಿಯಬೇಕಿಲ್ಲ, ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಅಷ್ಟಾಗಿ ಯೋಚಿಸಬೇಕಿಲ್ಲ. ಸ್ಲಗ್ ಹಿಡಿದವನಿಗೆ ಇವೆರಡೂ ಗೊತ್ತಿಲ್ಲದಿದ್ದರೆ ಜಿಂಕೆಯ ಬಿಳಿ ಬಾಲ ಓಡುವುದಷ್ಟೇ ಕಾಣುತ್ತದೆ. ಕೊಯ್ಲಾದ ಜೋಳದ ಹೊಲಕ್ಕೂ ಓಕ್ ತೋಪಿಗೂ ನಡುವೆ ಅವು ದಾಟುವ ಕಂಡಿ ಹುಡುಕಿ, ಗಾಳಿಗೆದುರಾಗಿ ಮರಸು ಕೂರುವುದೇ ಇಲ್ಲಿ ಮುಖ್ಯ. ಅಯೋವಾದವರು ಸಾಲಾಗಿ ನಡೆದು ಸೋವಿ ಎಬ್ಬಿಸುತ್ತಾರೆ. ಓಡುವ ಜಿಂಕೆಗೆ ಈಡು ಹಾರಿಸುವುದು, ಎದುರು ಸಾಲಿನಲ್ಲಿ ನಮ್ಮವರೇ ಇರುವುದು, ಎರಡೂ ನನಗೆ ಒಗ್ಗುವುದಿಲ್ಲ.

ಈಡು ಹಾಕಬೇಕಾದ್ದು ಜಿಂಕೆ ಅಡ್ಡ ನಿಂತಾಗ, ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಬಿದ್ದದ್ದು ಕಾಣದಿದ್ದರೆ ಕೂಡಲೇ ಬೆನ್ನು ಹತ್ತಬಾರದು, ಅರ್ಧ ಗಂಟೆ ಕೂರಬೇಕು. ಸ್ಲಗ್ ದೊಡ್ಡ ತೂತು ಮಾಡಿಯೇ ಹೊರಬೀಳುವುದರಿಂದ ರಕ್ತದ ಜಾಡು ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ.

ರೈಫಲ್ ಬೇಡ, ಸ್ಲಗ್ ಸಾಕು ಎಂಬ ಈ ಕಡೆಯ ರಾಜ್ಯಗಳ ಹಳೆಯ ನಿಯಮದ ಹಿಂದಿನ ತರ್ಕ ಸರಳ: ಸಮತಟ್ಟು ನೆಲ, ಹೊಲಗಳ ನಡುವೆ ಮನೆಗಳು, ಆದ್ದರಿಂದ ಗುಂಡು ಬೇಗ ನೆಲ ಸೇರಬೇಕು. ಪೆನ್ಸಿಲ್ವೇನಿಯಾ ಶಾಸನಸಭೆಗಾಗಿ 2007ರಲ್ಲಿ ನಡೆದ ಅಧ್ಯಯನ ಇದನ್ನೇ ಅಲುಗಾಡಿಸಿತು. ಕೋವಿಯನ್ನು ಮೇಲಕ್ಕೆತ್ತಿ ಹೊಡೆದರೆ ರೈಫಲ್ ಗುಂಡೇ ದೂರ ಹೋಗುತ್ತದೆ, ಸರಿ. ಆದರೆ ನೆಲಕ್ಕೆ ಸಮನಾಗಿ ಹೊಡೆದಾಗ, ನೆಲಕ್ಕೆ ಬಡಿದು ಪುಟಿದು ಹೋಗುವ ದೂರವನ್ನೂ ಸೇರಿಸಿದರೆ, ಸ್ಲಗ್ ಕಡಿಮೆ ಅಪಾಯಕಾರಿಯೇನಲ್ಲ ಎಂದು ಗೊತ್ತಾಯಿತು.

ನಿಯಮಗಳೂ ಸಡಿಲವಾಗುತ್ತ ಬಂದವು. ಇಂಡಿಯಾನಾ 2007ರಲ್ಲಿ ಪಿಸ್ತೂಲಿನ ತೋಟಾ ಹಾಕುವ ರೈಫಲ್ಲಿಗೆ, ಓಹಾಯೋ 2014ರಲ್ಲಿ ನೇರಗೋಡೆಯ ಹಿತ್ತಾಳೆ ತೋಟಾದ ರೈಫಲ್ಲಿಗೆ, ಅಯೋವಾ 2017ರಲ್ಲಿ ಅಂಥದಕ್ಕೇ, ಇಲಿನಾಯ್ 2023ರಲ್ಲಿ ಒಂಟಿ ಈಡಿನ ರೈಫಲ್ಲಿಗೆ ಬಾಗಿಲು ತೆರೆದವು. ಈ ರೈಫಲ್ಲುಗಳು ಕಡಿಮೆ ಒದೆಯುತ್ತವೆ, ನೆಟ್ಟಗೆ ಹೊಡೆಯುತ್ತವೆ. ಹೆಗಲು ನೋಯುವ ಹುಡುಗರಿಗೆ ಅವೇ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಹಾಗೆಂದು ನನ್ನ ಸ್ಲಗ್ ಕೋವಿಯನ್ನು ಮಾರುವುದಿಲ್ಲ.

ಬೇಟೆಗೆ ಜಿಂಕೆ ಉಳಿದಿರುವುದೇ ಒಂದು ಕತೆ. 1904ರ ಹೊತ್ತಿಗೆ ಓಹಾಯೋದಲ್ಲಿ ಬಿಳಿಬಾಲದ ಜಿಂಕೆ ನಿರ್ನಾಮವಾಗಿತ್ತು. ಮತ್ತೆ ಹೆಚ್ಚಿದ ಮೇಲೆ, 1943ರಲ್ಲಿ, ಬರೀ ಮೂರು ಕೌಂಟಿಗಳಲ್ಲಿ ಬೇಟೆಗೆ ಅವಕಾಶ ಕೊಟ್ಟರು. ಕೋವಿ, ತೋಟಾಗಳ ಮೇಲಿನ ಶೇ. 11ರ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಇಂದಿಗೂ ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ಊರಿನಲ್ಲಿ ಕತೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಕೊಡಗಿನ ಕೋವಿಗೆ ಕೈಲ್‌ಪೊಳ್ದ್ ಹಬ್ಬದಂದು ಹೂವು, ತೆಂಗಿನಕಾಯಿಯ ಗುರಿ ಸಾಕು.

ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಿಗೊಂದು ಮಾತು. ಕೆಲಸದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದ್ದರಿಂದ ಮೊದಲು ಬೇಟೆ ಶಿಕ್ಷಣದ ತರಗತಿ, ಆಮೇಲೆ ಲೈಸೆನ್ಸ್, ಕೊನೆಗೆ ಕೋವಿ. ಬೇರೆಯವರ ಜಮೀನಾದರೆ ಒಡೆಯನ ಲಿಖಿತ ಅನುಮತಿ ಜೇಬಿನಲ್ಲಿರಲಿ, ಮೈಮೇಲೆ ಕಿತ್ತಳೆ ಬಣ್ಣದ ಅಂಗಿಯಿರಲಿ.

ಕೋವಿ ಈಗಾಗಲೇ ಇದ್ದವರು ಈ ವಾರಾಂತ್ಯ ರೇಂಜಿಗೆ ಹೋಗಿ. ಒಂದೇ ತೂಕದ, ಮೂರು ಬೇರೆ ಕಂಪನಿಗಳ ಸ್ಲಗ್ ಒಯ್ದು, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆಂದು ಐವತ್ತು ಗಜದಲ್ಲಿ ನೋಡಿ. ಕಿವಿಗೆ ಹತ್ತಿ ಸಾಲದು, ಸರಿಯಾದ ಮಫ್ ಬೇಕು. ಹೆಗಲಿಗೂ ಕೋವಿಗೂ ನಡುವೆ ಸಣ್ಣ ಮರಳು ಚೀಲ ಇಟ್ಟುಕೊಳ್ಳಿ.