ಏರಿ ಮತ್ತು ಬಂಡೆ : ಹುಸೇನ್ ಸಾಗರದಲ್ಲಿ ಪಾದಚಾರಿಯ ಸ್ಥಾನ

ನಗರದ ಜಲಾಶಯಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ನೀರಿನ ವಿಸ್ತಾರವನ್ನೂ ದಂಡೆಯ ಶೋಭೆಯನ್ನೂ ವರ್ಣಿಸುತ್ತಾರೆ. ಅಲ್ಲಿಗೆ ನಡೆದು ಬರುವವನಿಗೆ ದಾರಿಯುಂಟೆ ಎಂಬ ಪ್ರಶ್ನೆ ಏಳುವುದು ವಿರಳ. ಹೈದರಾಬಾದು, ಸಿಕಂದರಾಬಾದುಗಳ ನಡುವಣ ಹುಸೇನ್ ಸಾಗರವನ್ನು ಈ ಪ್ರಶ್ನೆಯಿಂದಲೇ ಪರೀಕ್ಷಿಸುವುದು ಉಚಿತ. ಅದರ ಮಧ್ಯದಲ್ಲಿ ಒಂದು ಬಂಡೆಯಿದೆ. ಬಂಡೆಯ ಮೇಲೆ ಬುದ್ಧನಿದ್ದಾನೆ. ಅವನನ್ನು ದಂಡೆಯಿಂದ ಎಲ್ಲರೂ ಕಾಣಬಲ್ಲರು. ಅವನ ಪಾದದ ಬಳಿಗೆ ಹೋಗಬಲ್ಲವರು ಟಿಕೆಟು ಕೊಂಡು ದೋಣಿಯೇರಿದವರು ಮಾತ್ರ.

ಈ ಕೆರೆ ಎರಡು ನಗರಗಳಿಗಿಂತಲೂ ಹಿರಿಯದು. ಇಬ್ರಾಹಿಂ ಕುತುಬ್ ಷಾಹನ ಕಾಲದಲ್ಲಿ, 1562ರ ಸುಮಾರಿನಲ್ಲಿ, ಹುಸೇನ್ ಷಾ ವಲಿಯು ಇದನ್ನು ಕಟ್ಟಿಸಿದನು. ಹೈದರಾಬಾದು ಹುಟ್ಟಿದ್ದು 1591ರಲ್ಲಿ; ನಿಜಾಮ ಸಿಕಂದರ್ ಜಾಹನ ಹೆಸರನ್ನು ಹೊತ್ತ ಸಿಕಂದರಾಬಾದು 1806ರಲ್ಲಿ. ಎರಡು ನಗರಗಳು ಬೆಳೆದಂತೆ ಕೆರೆಯ ಕಟ್ಟೆಯೇ ಅವುಗಳನ್ನು ಕೂಡಿಸುವ ಹಾದಿಯಾಯಿತು. ಟ್ಯಾಂಕ್‌ಬಂಡ್ ಎಂದು ಇಂದು ಕರೆಯುವುದು ಕನ್ನಡಿಗನಿಗೆ ಪರಿಚಿತವಾದ ಕೆರೆಯ ಏರಿಯಲ್ಲದೆ ಬೇರೆಯಲ್ಲ. ಹಳ್ಳಿಯ ಏರಿಯು ಮೊದಲು ಜನರೂ ದನಕರುಗಳೂ ನಡೆಯುವ ದಾರಿ, ಆಮೇಲೆ ಬಂಡಿಯ ದಾರಿ. ಈ ಕ್ರಮ ಇಲ್ಲಿ ತಲೆಕೆಳಗಾಗಿದೆ.

ಏರಿಯ ರಸ್ತೆಯನ್ನು ಅಗಲಗೊಳಿಸಿದ ಕೀರ್ತಿ, ಮೈಸೂರಿನ ದಿವಾನಗಿರಿಯ ಬಳಿಕ 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಗಳಾದ ಸರ್ ಮಿರ್ಜಾ ಇಸ್ಮಾಯಿಲರಿಗೆ ಸಲ್ಲುತ್ತದೆ. 1956ರವರೆಗೆ ಕಲಬುರ್ಗಿ, ಬೀದರ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿಯಾಗಿದ್ದುದರಿಂದ, ಈ ಏರಿಯು ಆ ಸೀಮೆಯ ಕನ್ನಡಿಗರ ನೆನಪಿಗೂ ಸೇರಿದ್ದು. 1980ರ ದಶಕದಲ್ಲಿ ಎನ್. ಟಿ. ರಾಮರಾವ್ ಅವರ ಸರಕಾರವು ಇದರ ಉದ್ದಕ್ಕೂ ಕವಿಗಳ, ಅರಸರ, ಸಂತರ ಪ್ರತಿಮೆಗಳನ್ನು ನಿಲ್ಲಿಸಿತು; ಕೃಷ್ಣದೇವರಾಯನೂ ಅವರಲ್ಲಿ ಒಬ್ಬ. 2011ರ ಚಳವಳಿಯಲ್ಲಿ ಕೆಲವು ಪ್ರತಿಮೆಗಳು ಹಾನಿಗೊಂಡುದನ್ನು ಎಲ್ಲರೂ ಬಲ್ಲರು. ಪ್ರತಿಮೆಯ ಸಾರ್ಥಕತೆ ಅದರ ಮುಂದೆ ನಿಂತು ಹೆಸರನ್ನು ಓದುವವನಲ್ಲಿದೆ. ವೇಗದ ವಾಹನಗಳ ಪ್ರವಾಹವನ್ನು ದಾಟಿದ ಮೇಲೆಯೇ ನೋಡಬೇಕಾದ ಕವಿಯು ಬಹುಮಂದಿಗೆ ನೆರಳಿನ ಆಕೃತಿಯಾಗಿಯೇ ಉಳಿಯುತ್ತಾನೆ.

ಬಂಡೆಯ ಕಥೆ ಇನ್ನೂ ಗಂಭೀರವಾದದ್ದು. ಜಿಬ್ರಾಲ್ಟರ್ ಎಂದು ಹೆಸರಾದ ಈ ಬಂಡೆಗೆ ಒಯ್ಯುತ್ತಿದ್ದ ಸುಮಾರು 18 ಮೀಟರ್ ಎತ್ತರದ ಏಕಶಿಲಾ ಬುದ್ಧನು 1990ರ ಮಾರ್ಚ್ 10ರಂದು ತೆಪ್ಪದಿಂದ ಜಾರಿ ನೀರಿಗೆ ಬಿದ್ದನು. ಕೆಲಸಗಾರರು ಪ್ರಾಣ ಕಳೆದುಕೊಂಡರು. ಎರಡು ವರ್ಷಗಳಿಗೂ ಮೀರಿ ತಳದಲ್ಲಿದ್ದ ವಿಗ್ರಹವನ್ನು ಮೇಲೆತ್ತಿ 1992ರ ಡಿಸೆಂಬರಿನಲ್ಲಿ ಪ್ರತಿಷ್ಠಾಪಿಸಲಾಯಿತು. ದಡಕ್ಕೂ ಬಂಡೆಗೂ ನಡುವಣ ನೀರು ಕೇವಲ ಅಲಂಕಾರವಲ್ಲವೆಂಬುದಕ್ಕೆ ಈ ಘಟನೆಯೇ ಸಾಕ್ಷಿ.

ಹಾಗಾದರೆ ಬಂಡೆಗೆ ಕಾಲುಸೇತುವೆಯೊಂದನ್ನು ಕಟ್ಟಬಾರದೇಕೆ ಎಂಬ ಆಕ್ಷೇಪಣೆ ಸಹಜ. ಮುಂಬಯಿಯ ಹಾಜಿ ಅಲಿ ದರ್ಗಾಕ್ಕೆ ಜನರು ಕಟ್ಟೆದಾರಿಯ ಮೇಲೆ ನಡೆದೇ ಹೋಗುತ್ತಾರೆ. ಭರತ ಬಂದಾಗ ದಾರಿ ಮುಳುಗುತ್ತದೆ, ಇಳಿತಕ್ಕಾಗಿ ಕಾಯುತ್ತಾರೆ. ಕನ್ಯಾಕುಮಾರಿಯಲ್ಲಿ ವಿವೇಕಾನಂದ ಶಿಲೆಯನ್ನೂ ತಿರುವಳ್ಳುವರ್ ಪ್ರತಿಮೆಯನ್ನೂ ಕೂಡಿಸುವ 77 ಮೀಟರಿನ ಗಾಜಿನ ಸೇತುವೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಆದರೆ ಅದು ಬಂಡೆಯಿಂದ ಬಂಡೆಗೆ ಹೋಗುವ ಸೇತುವೆ, ದಡದಿಂದ ಹೋಗುವುದಲ್ಲ ಎಂಬುದನ್ನು ಗಮನಿಸಬೇಕು.

ಇದಕ್ಕೆ ಪ್ರತಿಯಾದ ಪಾಠ ಕರ್ನಾಟಕದಲ್ಲಿಯೇ ಇದೆ. ಹಂಪೆ, ಆನೆಗೊಂದಿಗಳ ನಡುವೆ ತುಂಗಭದ್ರೆಯನ್ನು ಜನರು ಬಹುಕಾಲ ಹರಿಗೋಲಿನಲ್ಲಿ ದಾಟಿದರು. ಹೊಸ ಸೇತುವೆಯು ಸ್ಮಾರಕಗಳ ಪರಿಸರವನ್ನು ಕೆಡಿಸುವುದೆಂಬ ಕಾರಣದಿಂದ ಯುನೆಸ್ಕೋ ಸಂಸ್ಥೆಯು 1999ರಲ್ಲಿ ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಅದು ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಆ ಸೇತುವೆಯ ಕಾಮಗಾರಿ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಮೃತರಾದರು. ಆನೆಗೊಂದಿಯವರಿಗೆ ಸೇತುವೆ ಬೇಡವಾಗಿತ್ತೆಂದು ಹೇಳುವುದು ಅನ್ಯಾಯ; ಆಸ್ಪತ್ರೆ, ಸಂತೆ, ಶಾಲೆಗಳಿಗೆ ಅವರು ದಾಟಲೇಬೇಕಾಗಿತ್ತು. ಜಿಬ್ರಾಲ್ಟರ್ ಬಂಡೆಯ ಮೇಲೆ ಯಾರ ಮನೆಯೂ ಇಲ್ಲ. ಆನೆಗೊಂದಿಯಲ್ಲಿ ಸೇತುವೆಯನ್ನು ಸಮರ್ಥಿಸಿದ ಆವಶ್ಯಕತೆಯು ಇಲ್ಲಿ ಇಲ್ಲದಿರುವುದರಿಂದ, ನೀರಿನ ನಡುವೆ ಒಂಟಿಯಾಗಿ ನಿಂತ ಮೂರ್ತಿಯ ಏಕಾಂತವನ್ನು ಸೇತುವೆಗಾಗಿ ಬಲಿಗೊಡಲು ಕಾರಣ ಸಾಲದು.

ಆದುದರಿಂದ ನಿಜವಾದ ಕೊರತೆಯು ನೀರಿನ ಮೇಲಿಲ್ಲ, ದಡದ ಮೇಲಿದೆ. ಕೆರೆಯ ಒಂದು ಕಡೆ ಏರಿಯ ರಸ್ತೆ. ಇನ್ನೊಂದು ಕಡೆ ನೆಕ್ಲೆಸ್ ರಸ್ತೆ, ಅದರಾಚೆಗೆ ರೈಲುಹಳಿ. ಸಿಕಂದರಾಬಾದಿನ ಕಡೆಯಿಂದ ಮಗುವಿನ ಕೈಹಿಡಿದು ಹೊರಟ ಮುದುಕಿಗೆ ದೋಣಿಯ ಪಯಣ ಕಷ್ಟವಲ್ಲ, ದೋಣಿಕಟ್ಟೆಯವರೆಗಿನ ರಸ್ತೆಗಳು ಕಷ್ಟ. 2021ರಲ್ಲಿ ಭಾನುವಾರದ ಸಂಜೆ ಏರಿಯ ಮೇಲೆ ವಾಹನಗಳನ್ನು ನಿಲ್ಲಿಸಿದಾಗ ಜನರು ಕುಟುಂಬಸಮೇತರಾಗಿ ನೆರೆದರು. ಗಣೇಶ ವಿಸರ್ಜನೆಯ ದಿನವೂ ಏರಿಯು ನಡೆಯುವವರ ಸ್ವಾಧೀನಕ್ಕೆ ಬರುತ್ತದೆ. ಹಬ್ಬದಲ್ಲಿ ಸಾಧ್ಯವಾದದ್ದು ವಾರದ ದಿನಗಳಲ್ಲಿ ಭಾಗಶಃವಾದರೂ ಅಸಾಧ್ಯವಾಗಲಾರದು.

ಬೌದ್ಧ ಶಿಲ್ಪದ ಸಂಪ್ರದಾಯವೂ ಇದನ್ನೇ ಹೇಳುತ್ತದೆ. ಭೀಮಾತೀರದ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದ ಸುತ್ತ ಪ್ರದಕ್ಷಿಣಾಪಥವಿದೆ; ಅಲ್ಲಿಯ ಶಿಲಾಫಲಕಗಳು ನಡೆಯುವವನ ಕಣ್ಣಿಗೆಂದೇ ಕೆತ್ತಿದವು. ಅಶೋಕನ ಹೆಸರನ್ನು ಹೊತ್ತ ಶಿಲ್ಪವೂ ಅವುಗಳ ನಡುವೆ ದೊರೆಯಿತು. ಸ್ತೂಪವನ್ನು ಕಟ್ಟಿದವರು ದಾರಿಯನ್ನು ಸ್ತೂಪದ ಅಂಗವೆಂದೇ ಭಾವಿಸಿದ್ದರು. ಹುಸೇನ್ ಸಾಗರದಲ್ಲಿ ಮೂರ್ತಿಗೆ ಮೊದಲ ಸ್ಥಾನ ದೊರೆಯಿತು, ದಾರಿಗೆ ಕೊನೆಯದು.

ಮಾಡಬೇಕಾದುದು ದೊಡ್ಡ ಸಾಹಸವಲ್ಲ. ಕೆರೆಯ ಸುತ್ತ ಎಲ್ಲಿಯೂ ಮುರಿಯದ ಕಾಲುದಾರಿ. ವಾಹನಗಳು ನಿಂತು ಜನರನ್ನು ದಾಟಗೊಡುವ ಸ್ಥಳಗಳು. ಮೆಟ್ಟಿಲಿಲ್ಲದೆ ಗಾಲಿಕುರ್ಚಿ ಇಳಿಯಬಲ್ಲ ದೋಣಿಕಟ್ಟೆ. ಸಂಜೀವಯ್ಯ ಉದ್ಯಾನದ ಕಡೆಯಿಂದ ಬಂಡೆಯನ್ನು ಮುಟ್ಟಿ ಲುಂಬಿನಿ ಉದ್ಯಾನಕ್ಕೆ ಹೋಗುವ, ಬಸ್ಸಿನಷ್ಟೇ ದರದ ಕಡವು. ಆಗ ದೋಣಿಯು ವಿಹಾರದ ಸಾಧನವಾಗುವುದರ ಬದಲು ಕಾಲುದಾರಿಯ ಮುಂದುವರಿಕೆಯಾಗುತ್ತದೆ. ಬಂಡೆಯು ಎರಡು ನಗರಗಳ ನಡುವಣ ತಂಗುದಾಣವಾಗುತ್ತದೆ. ಕೆರೆಯ ಅಂದವನ್ನು ಹೆಚ್ಚಿಸುವ ಯೋಜನೆಗಳನ್ನು ಇನ್ನು ಮುಂದೆ ಅಳೆಯಬೇಕಾದುದು, ಬರಿಗಾಲಿನಲ್ಲಿ ಬಂದವನು ಅವುಗಳಿಂದ ಎಷ್ಟು ದೂರ ನಡೆಯಬಲ್ಲನು ಎಂಬುದರಿಂದ.